ಬರೆದವನು ಅಲ್ಲಿದ್ದನೇ?

(ಬಾನುಲಿ ಭಾಷಣ)

1971ನೆಯ ಇಸವಿಯ ಡಿಸೆಂಬರ್ ತಿಂಗಳು. ನಾನಾಗ ಚಿಕ್ಕೋಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಆರನೆಯ ಇಯತ್ತೆಯ ವಿದ್ಯಾರ್ಥಿ. ಸಂಜೆಯ ಬಸ್ಸಿನಲ್ಲಿ ನಿಪ್ಪಾಣಿಯಿಂದ ಪತ್ರಿಕೆಯ ಕಟ್ಟು ಬಂದಿಳಿಯುವ ಹೊತ್ತಿಗೆ ಚಾವಡಿಯ ಕಟ್ಟೆಯ ಮೇಲೆ ಹತ್ತಿಪ್ಪತ್ತು ಜನ ಸೇರಿರುತ್ತಿದ್ದರು. ಪತ್ರಿಕೆ ಮರಾಠಿಯದು, ಕೇಳುವವರಲ್ಲಿ ಅರ್ಧ ಜನ ಕನ್ನಡ ಮಾತಿನವರು. ಎರಡೂ ಬಲ್ಲ ಹುಡುಗನೆಂದು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯುದ್ಧ ನಡೆದ ಆ ಎರಡು ವಾರ ನಾನು ಊರಿನಲ್ಲಿ ಸಣ್ಣದೊಂದು ದೊಡ್ಡ ಮನುಷ್ಯನಾಗಿದ್ದೆ.

ಯುದ್ಧವೆಂದರೆ ನಮ್ಮ ಸೀಮೆಗೆ ದೂರದ ಸುದ್ದಿಯಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಇಂದು ತಾವೇ ತಾಲೂಕುಗಳಾಗಿರುವ ನಿಪ್ಪಾಣಿ ಮತ್ತು ಕಾಗವಾಡ, ಈ ಭಾಗದ ಹಳ್ಳಿಗಳಲ್ಲಿ ದಂಡಿಗೆ ಹೋದ ಮಗನಿಲ್ಲದ ಊರು ಅಪರೂಪ. ಗಡಿ ದಾಟಿ ಶಿರೋಳ ತಾಲೂಕಿಗೆ ಹೋದರೆ ಒಂದು ಊರಿನ ಹೆಸರಿಗೇ ‘ಸೈನಿಕ’ ಎಂಬ ಮಾತು ಅಂಟಿಕೊಂಡಿದೆ: ಸೈನಿಕ ಟಾಕಳಿ. ರಾಯಬಾಗ, ಕುಡಚಿ, ಚಿಕ್ಕೋಡಿ ರೋಡ್ ಸ್ಟೇಶನ್ನುಗಳಲ್ಲಿ ಕಬ್ಬಿಣದ ಟ್ರಂಕು ಹೊತ್ತು ಇಳಿಯುವ ರಜೆಯ ಸಿಪಾಯಿಗಳು ನಮ್ಮ ಬಾಲ್ಯದ ನಿತ್ಯದ ನೋಟ.

ನಮ್ಮ ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ಓಣಿಗೆಲ್ಲ ಅವಳು ‘ಆಯಿ’. ಅವಳ ಕಿರಿಯ ಮಗ ಬೆಳಗಾವಿಯಲ್ಲಿ ಭರತಿಯಾಗಿ, ಆಮೇಲೆ ಛತ್ರಿ ಪಲಟಣಿಗೆ ಹೋಗಿದ್ದ. ಎರಡು ತಿಂಗಳಿಂದ ಅವನ ಕಾಗದ ಬಂದಿರಲಿಲ್ಲ. ಕೊನೆಗೆ ಬಂದಿದ್ದ ಕಾಗದದ ಮೇಲೆಯೂ ‘ಎ.ಪಿ.ಓ.’ ಎಂಬ ಗುರುತಿನ ಹೊರತು ಊರ ಹೆಸರಿಲ್ಲ. ಒಂದು ಸಂಜೆ ಪತ್ರಿಕೆಯಲ್ಲಿ ದೊಡ್ಡದೊಂದು ಚಿತ್ರ ಬಂತು: ಆಕಾಶದ ತುಂಬ ಬಿಚ್ಚಿಕೊಂಡ ಛತ್ರಿಗಳು, ಒಂದೊಂದರ ಕೆಳಗೂ ಇರುವೆಯಷ್ಟು ಮನುಷ್ಯ. ಟಾಂಗೈಲ ಎಂಬ ಊರಿನ ಬಳಿ ನಮ್ಮ ಸೈನಿಕರು ವಿಮಾನದಿಂದ ಇಳಿದರೆಂದು ಸುದ್ದಿ. ಆಯಿಯ ಮನೆಗೆ ಓಡಿದೆ. ಅವಳು ಕಂದೀಲಿನ ಹತ್ತಿರ ಹಾಳೆಯನ್ನು ಹಿಡಿದು ಬಹಳ ಹೊತ್ತು ನೋಡಿದಳು.

“ಇದರಾಗ ನಮ್ಮಾಂವ ಯಾವಾಂವೋ ತಮ್ಮಾ?”

ನಾನು ಯಾವುದೋ ಒಂದು ಛತ್ರಿಯ ಮೇಲೆ ಬೆರಳಿಟ್ಟೆ.

“ಇದನ್ನ ತಗದಾಂವ, ಇದನ್ನೆಲ್ಲಾ ಬರದಾಂವ, ಅಲ್ಲೇ ಇದ್ದನೇನು?”

“ಹೂಂ ಆಯಿ, ಅಲ್ಲೇ ಇದ್ದ.”

ಅವಳು ಹಾಳೆಯನ್ನು ಮಡಚಿ ದೇವರ ಮಾಡದಲ್ಲಿಟ್ಟಳು. ಆ ನನ್ನ ಎರಡನೆಯ ಉತ್ತರ ಎಷ್ಟು ನಿಜ ಎಂಬುದು ನನಗೆ ತಿಳಿಯಲು ಬಹಳ ವರ್ಷಗಳೇ ಬೇಕಾದವು. ಅದನ್ನು ಆಮೇಲೆ ಹೇಳುತ್ತೇನೆ. ಸೈನಿಕರೊಡನೆ ರಣರಂಗಕ್ಕೆ ಹೋಗಿ ವರದಿ ಮಾಡುವವರ ವಿಷಯವಾಗಿ ಮಾತಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ನನಗೆ ಮೊದಲು ನೆನಪಾದವಳು ಆ ಮುದುಕಿ. ಅವಳು ಕೇಳಿದ್ದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಈ ವಿಷಯದ ಪುಸ್ತಕಗಳಲ್ಲಿಯೂ ನಾನು ಕಂಡಿಲ್ಲ.

ನಮ್ಮ ಕಡೆ ವರದಿಗಾರನಿಗೆ ‘ಬಾತ್ಮೀದಾರ’ ಎನ್ನುವುದುಂಟು. ಅದೇ ಮಾತು ಪೋಲೀಸರ ಬಾಯಲ್ಲಿ ಗುಟ್ಟಾಗಿ ಸುಳಿವು ಕೊಡುವವನಿಗೂ ಸಲ್ಲುತ್ತದೆ. ಯುದ್ಧಕ್ಕೆ ಹೋದ ವರದಿಗಾರನನ್ನು ಸೇನೆ ಈ ಎರಡೂ ಅರ್ಥಗಳಲ್ಲಿ ನೋಡುತ್ತ ಬಂದಿದೆ. ಅವನು ಬರೆದ ಒಂದು ವಾಕ್ಯದಿಂದ ಶತ್ರುವಿಗೆ ತೋಪಿನ ಜಾಗ ತಿಳಿಯಬಹುದು. ಅವನು ಬರೆಯದೆ ಬಿಟ್ಟರೆ ಮನೆಯಲ್ಲಿರುವವರಿಗೆ ಯಾವುದೂ ತಿಳಿಯದಿರಬಹುದು. ಆದ್ದರಿಂದ ಅವನನ್ನು ಕರೆದೊಯ್ಯುವುದಕ್ಕೆ ಕಟ್ಟಳೆಗಳು ಹುಟ್ಟಿಕೊಂಡವು. ಸೇನೆಯಿಂದ ಪರವಾನಗಿಯ ಚೀಟಿ ಪಡೆಯಬೇಕು. ಸೇನೆಯ ವಾಹನದಲ್ಲಿಯೇ ಹೋಗಬೇಕು, ಸೇನೆಯ ಅನ್ನವನ್ನೇ ಉಣ್ಣಬೇಕು. ಎರಡನೆಯ ಮಹಾಯುದ್ಧದಲ್ಲಿ ವರದಿಗಾರರು ಸೇನೆಯ ಉಡುಪನ್ನೇ ತೊಟ್ಟು, ಭುಜದ ಮೇಲೆ ಬೇರೆ ಗುರುತು ಧರಿಸಿ, ಅಧಿಕಾರಿಗಳ ಪಂಕ್ತಿಯಲ್ಲಿ ಊಟಕ್ಕೆ ಕೂಡುತ್ತಿದ್ದರು. ಆಯುಧ ಮಾತ್ರ ಕೈಯಲ್ಲಿರಕೂಡದು. 1949ರ ಜಿನೀವಾ ಒಪ್ಪಂದದ ಪ್ರಕಾರ ಸೇನೆಯ ಜೊತೆಗೆ ಹೋದ ವರದಿಗಾರ ಸೆರೆಸಿಕ್ಕರೆ ಅವನನ್ನು ಯುದ್ಧಕೈದಿಯಂತೆ ನಡೆಸಿಕೊಳ್ಳಬೇಕು, ಗೂಢಚಾರನಂತಲ್ಲ. ಅವನ ಕಿಸೆಯಲ್ಲಿರುವ ಗುರುತಿನ ಚೀಟಿ ಕೆಲವೊಮ್ಮೆ ಅವನ ಪ್ರಾಣದ ಚೀಟಿ.

2003ರಲ್ಲಿ ಅಮೆರಿಕದ ಸೇನೆ ಇರಾಕಿಗೆ ಹೊರಟಾಗ 600ಕ್ಕೂ ಮಿಕ್ಕ ವರದಿಗಾರರನ್ನು ತುಕಡಿ ತುಕಡಿಗೆ ಹಂಚಿ ಜೊತೆಗೆ ಕರೆದೊಯ್ದಿತು. ಇಂಗ್ಲಿಷಿನಲ್ಲಿ ಅವರಿಗೆ ಇಟ್ಟ ಹೆಸರಿನ ಅರ್ಥ ‘ಹುದುಗಿಸಲ್ಪಟ್ಟವರು’ ಎಂದು. ಮಾತು ಸರಿಯಾಗಿಯೇ ಇದೆ. ನೆಲದಲ್ಲಿ ಹುದುಗಿದ ಬೀಜಕ್ಕೆ ತನ್ನ ಸುತ್ತಲಿನ ಮಣ್ಣಷ್ಟೇ ಗೊತ್ತು. ಅವರು ಸಹಿ ಹಾಕಿದ ಕರಾರಿನಲ್ಲಿ ಹಲವು ನಿಷೇಧಗಳಿದ್ದವು: ಎಲ್ಲಿದ್ದೇವೆ, ಎಷ್ಟು ಜನ ಇದ್ದೇವೆ, ನಾಳೆ ಎಲ್ಲಿಗೆ ಹೋಗುತ್ತೇವೆ ಎಂದು ಬರೆಯಕೂಡದು. ಇನ್ನೂ ಒಂದಿತ್ತು: ಗಾಯಗೊಂಡವನ, ಮಡಿದವನ ಹೆಸರು ಮನೆಯವರಿಗೆ ತಿಳಿಯುವ ಮುನ್ನ ಪತ್ರಿಕೆಗೆ ಬೀಳಕೂಡದು. ಮಿಕ್ಕ ಕಟ್ಟಳೆಗಳನ್ನು ಕುರಿತು ಯಾರು ಏನೇ ವಾದಿಸಲಿ, ಇದೊಂದನ್ನು ನಾನು ಮನಸಾರೆ ಒಪ್ಪುತ್ತೇನೆ. ಚಾವಡಿಯ ಕಟ್ಟೆಯ ಮೇಲೆ ಪತ್ರಿಕೆ ಓದಿದವನು ನಾನು. ಹಾಗೊಂದು ಹೆಸರನ್ನು ನನ್ನ ಬಾಯಿಂದಲೇ ಓದಬೇಕಾಗಿ ಬಂದಿದ್ದರೆ ಎಂಬ ಯೋಚನೆ ಈಗಲೂ ಬರುವುದುಂಟು.

ತೊಡಕು ಇರುವುದು ಕಟ್ಟಳೆಯಲ್ಲಿ ಅಷ್ಟಿಲ್ಲ, ಒಡನಾಟದಲ್ಲಿದೆ. ಯಾರ ಕಂದಕದಲ್ಲಿ ಮಲಗಿ, ಯಾರ ರೊಟ್ಟಿ ಹಂಚಿಕೊಂಡು, ಯಾರ ಬಂದೂಕಿನ ನೆರಳಲ್ಲಿ ಬದುಕಿ ಉಳಿದೆವೋ ಅವರ ವಿಷಯದಲ್ಲಿ ಕಟುವಾಗಿ ಬರೆಯುವುದು ಮನುಷ್ಯಮಾತ್ರದವರಿಗೆ ಕಠಿಣ. ಇದು ಹಳೆಯ ಸಮಸ್ಯೆ. ಕನ್ನಡದಷ್ಟೇ ಹಳೆಯದು ಎಂದರೂ ನಡೆದೀತು.

949ರಲ್ಲಿ ತಕ್ಕೋಲದ ಬಯಲಿನಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಚೋಳ ರಾಜಕುಮಾರ ರಾಜಾದಿತ್ಯ ಆನೆಯ ಮೇಲೆಯೇ ಮಡಿದ. ಈ ಸುದ್ದಿಯನ್ನು ನಮಗೆ ಕನ್ನಡದಲ್ಲಿ ತಿಳಿಸುವುದು ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು. ಅದು ಹುಟ್ಟಿದ್ದು ಗಂಗರ ಬೂತುಗನ ಪಾಳೆಯದಲ್ಲಿ. ಆನೆಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಬೂತುಗನು ಕಠಾರಿಯಿಂದ ಇರಿದು ರಾಜಾದಿತ್ಯನನ್ನು ಕೊಂದನೆಂದು ಅದು ಸಾರುತ್ತದೆ. ಚೋಳರ ಕಡೆಯ ಲೈಡನ್ ತಾಮ್ರಪಟವನ್ನು ಓದಿದರೆ ರಾಜಾದಿತ್ಯ ಸತ್ತದ್ದು ಕೃಷ್ಣನ ಬಾಣಗಳಿಂದ. ಬೂತುಗನ ಸುಳಿವೇ ಅಲ್ಲಿಲ್ಲ. ಒಂದೇ ಸಾವು, ಎರಡು ಪಾಳೆಯ, ಎರಡು ವರದಿ. ಸಾಲದುದಕ್ಕೆ, ಕನ್ನಡ ಶಾಸನದ ಈ ಭಾಗವನ್ನು ಮೊದಲು ಓದಿದ ಫ್ಲೀಟ್ ಸಾಹೇಬರು ಬೂತುಗನು ಮೋಸದಿಂದ ಕೊಂದನೆಂದು ಅರ್ಥ ಹಚ್ಚಿ, ಅನಂತರ ತಿದ್ದಿಕೊಂಡರು. ವರದಿಗಾರ ಸರಿಯಾಗಿ ಬರೆದರೂ ಓದುವವನು ತಪ್ಪಬಹುದು! ಆದರೂ ಆ ಕಲ್ಲಿನಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ರಾಜರ ಸುದ್ದಿಯಲ್ಲ. ಬೂತುಗನ ಆಳು ಮಣಲೆರ ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ‘ಕಾಳಿ’ ಎಂಬ ಒಂದು ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಕಲ್ಲು ನಿಂತದ್ದು ಆ ನಾಯಿಗಾಗಿ. ಸಾವಿರ ವರ್ಷದ ಹಿಂದೆ ಅದನ್ನು ಬರೆದವನು ಪಾಳೆಯದ ಜನರ ನಡುವೆ ಇದ್ದವನೇ ಸರಿ. ದೂರದಲ್ಲಿ ಕುಳಿತವನಿಗೆ ನಾಯಿಯ ಹೆಸರು ತಿಳಿಯುವುದಿಲ್ಲ.

ಪತ್ರಿಕೆಯ ಯುಗಕ್ಕೆ ಬಂದರೆ ಮೊದಲು ಹೇಳಬೇಕಾದ ಹೆಸರು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ವಿಲಿಯಂ ಹೊವಾರ್ಡ್ ರಸೆಲ್. 1854ರಲ್ಲಿ ಕ್ರಿಮಿಯಾದ ಯುದ್ಧಕ್ಕೆ ಹೋಗಿ, ಗುಂಡಿಗಿಂತ ಹೆಚ್ಚಾಗಿ ರೋಗದಿಂದ, ಚಳಿಯಿಂದ, ಅಧಿಕಾರಿಗಳ ಅವ್ಯವಸ್ಥೆಯಿಂದ ಸೈನಿಕರು ಸಾಯುತ್ತಿದ್ದಾರೆಂದು ಬರೆದ. ಮರುವರ್ಷದ ಜನವರಿಯಲ್ಲಿ ಸರಕಾರವೇ ಬಿದ್ದಿತು. 1856ರಲ್ಲಿ, ಶತ್ರುವಿಗೆ ಉಪಯೋಗವಾಗುವ ಸುದ್ದಿ ಕಳಿಸುವ ವರದಿಗಾರನನ್ನು ಹೊರಹಾಕುವುದಾಗಿ ಬ್ರಿಟಿಷ್ ಸೇನಾಪತಿ ಆಜ್ಞೆ ಹೊರಡಿಸಿದ. ಅಲ್ಲಿಂದ ಇಲ್ಲಿಯವರೆಗೆ ವರದಿಯೂ ಕತ್ತರಿಯೂ ಅವಳಿಜವಳಿಯಾಗಿ ನಡೆದುಬಂದಿವೆ.

ಇದೇ ರಸೆಲ್ 1858ರಲ್ಲಿ ಹಿಂದುಸ್ತಾನಕ್ಕೂ ಬಂದ. ಕ್ಯಾಂಪ್‌ಬೆಲ್ಲನ ಸೇನೆಯೊಡನೆ ಲಖನೌಗೆ ಹೋಗಿ, ತನ್ನ ಜನ ನಡೆಸಿದ ಲೂಟಿಯನ್ನೂ ಸೇಡನ್ನೂ ಕಂಡು ಬರೆದ; ಬ್ರಿಟಿಷ್ ಹೆಂಗಸರ ಮೇಲೆ ನಡೆದುವೆಂದು ಹಬ್ಬಿದ್ದ ಎಷ್ಟೋ ಭೀಕರ ಕಥೆಗಳಿಗೆ ಆಧಾರ ಸಿಗಲಿಲ್ಲವೆಂದೂ ಬರೆದ. ಅದೇ ವರ್ಷ ಜೂನ್ 12ರಂದು ನಮ್ಮ ಬೆಳಗಾವಿಯಲ್ಲಿ ನರಗುಂದದ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಅದರ ಹಿಂದಿನ ವರ್ಷ ಹಲಗಲಿಯ ಬೇಡರ ಬಂಡಾಯ ಉರಿದು ಆರಿತ್ತು. ಅಲ್ಲಿಗೆ ಯಾವ ರಸೆಲ್ಲನೂ ಬರಲಿಲ್ಲ. ಬಂದವನು ಲಾವಣಿಕಾರ. ಊರು ಸುಟ್ಟದ್ದನ್ನು, ಯಾರು ಯಾರು ಎಲ್ಲಿ ಬಿದ್ದರೆಂಬುದನ್ನು ಡಪ್ಪಿನ ಪೆಟ್ಟಿಗೆ ಹೊಂದಿಸಿ ಹಾಡಿದ. ಆ ಲಾವಣಿಗಳನ್ನು ಬರೆದುಕೊಂಡು 1885ರಿಂದ ಅಚ್ಚು ಹಾಕಿಸಿದವರು ಇದೇ ಫ್ಲೀಟ್ ಸಾಹೇಬರು, ಬೇಡರನ್ನು ಬಗ್ಗುಬಡಿದ ಸರಕಾರದ ಅಧಿಕಾರಿ. ಇತಿಹಾಸಕ್ಕೂ ಹಾಸ್ಯಪ್ರವೃತ್ತಿ ಇಲ್ಲದಿಲ್ಲ.

ಎರಡನೆಯ ಮಹಾಯುದ್ಧದ ವರದಿಗಾರರಲ್ಲಿ ನನ್ನ ಮನಸ್ಸಿಗೆ ಹತ್ತಿರದವನು ಅಮೆರಿಕದ ಎರ್ನಿ ಪೈಲ್. ಅವನು ಸೇನಾಪತಿಗಳ ಬೆನ್ನು ಹತ್ತಲಿಲ್ಲ. ಕೆಸರಿನಲ್ಲಿ ಕಾಲಾಳುಗಳ ಜೊತೆಗೆ ನಡೆದ. ಒಬ್ಬ ಸಿಪಾಯಿಯ ವಿಷಯ ಬರೆದರೆ ಅವನ ಊರು, ಬೀದಿ, ಮನೆಯ ನಂಬರು ಕೂಡ ಬರೆಯುತ್ತಿದ್ದ. 1943ರ ಡಿಸೆಂಬರಿನಲ್ಲಿ ಇಟಲಿಯ ಬೆಟ್ಟದಿಂದ ಹೇಸರಗತ್ತೆಯ ಮೇಲೆ ಹೇರಿ ಇಳಿಸಿದ ಒಬ್ಬ ಕ್ಯಾಪ್ಟನ್ನನ ಶವವನ್ನು ಅವನ ಸೈನಿಕರು ಒಬ್ಬೊಬ್ಬರಾಗಿ ಬಂದು ನೋಡಿ ಹೋದುದನ್ನು ಅವನು ವರ್ಣಿಸಿದ್ದಾನೆ. ಎಲ್ಲಿಯೂ ದನಿ ಏರಿಸುವುದಿಲ್ಲ. 1945ರ ಏಪ್ರಿಲ್ 18ರಂದು ಜಪಾನಿನ ಒಂದು ಪುಟ್ಟ ದ್ವೀಪದಲ್ಲಿ ಗುಂಡು ತಗುಲಿ ಸತ್ತ.

ಅದೇ ಇಟಲಿಯ ನೆಲದಲ್ಲಿ, ಕೆಲವು ತಿಂಗಳ ತರುವಾಯ, 1944ರ ಜುಲೈ 10ರಂದು ಮರಾಠಾ ದಳದ ನಾಯಕ ಯಶವಂತ ಘಾಡಗೆ ತನ್ನ ಜೊತೆಗಾರರೆಲ್ಲ ಬಿದ್ದ ಮೇಲೆ ಒಬ್ಬನೇ ನುಗ್ಗಿ ಶತ್ರುವಿನ ಠಾಣ್ಯವನ್ನು ಹಿಡಿದು ಮಡಿದ. 1945ರ ಏಪ್ರಿಲ್ 9ರಂದು ಸಿಪಾಯಿ ನಾಮದೇವ ಜಾಧವ ಸೆನಿಯೊ ನದಿಯ ದಂಡೆಯಲ್ಲಿ, ಗುಂಡಿನ ಮಳೆಯಲ್ಲಿ ಗಾಯಾಳುಗಳನ್ನು ಹೊತ್ತು ದಾಟಿಸಿದ. ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂತು. ಅವರ ಸಾಹಸ ನಮಗೆ ತಿಳಿದಿರುವುದು ಮುಖ್ಯವಾಗಿ ಪದಕದ ಪ್ರಶಸ್ತಿಪತ್ರದಿಂದ. ಎಂದರೆ ಅಧಿಕಾರಿಯೊಬ್ಬನ ಇಂಗ್ಲಿಷಿನಲ್ಲಿ, ಕಚೇರಿಯ ಶೈಲಿಯಲ್ಲಿ. ಅವರ ಭಾಷೆ ಬಲ್ಲ ಒಬ್ಬ ಪೈಲ್ ಅವರ ಜೊತೆಗೆ ನಡೆದಿದ್ದರೆ! ಸೇನೆಗೆ ತನ್ನದೇ ಪತ್ರಿಕೆ ಇತ್ತು, ನಿಜ. 1909ರಲ್ಲಿ ಹುಟ್ಟಿದ ‘ಫೌಜಿ ಅಖಬಾರ್’ ಅದು. 1954ರಲ್ಲಿ ‘ಸೈನಿಕ ಸಮಾಚಾರ’ವಾಯಿತು. ಅದಕ್ಕೆ ಕನ್ನಡದ ಆವೃತ್ತಿ ಬಂದದ್ದು 1983ರಲ್ಲಿ. ಆದರೆ ಸೇನೆಯ ಪತ್ರಿಕೆ ಸೇನೆಯ ಮಾತನ್ನೇ ಆಡುತ್ತದೆ. ಅದನ್ನು ಆಕ್ಷೇಪಿಸುವುದು ಬೇವಿಗೆ ಕಹಿ ಎಂದು ದೂರಿದಂತೆ.

ಕನ್ನಡ ಓದುಗನಿಗೆ ಯುದ್ಧಭೂಮಿ ಬಹುಕಾಲ ಇಂಗ್ಲಿಷಿನಿಂದ ಅನುವಾದವಾಗಿಯೇ ಬಂತು. ಸುದ್ದಿಸಂಸ್ಥೆಯ ತಂತಿ ದಿಲ್ಲಿಯಿಂದ ಹೊರಡುತ್ತಿತ್ತು, ಹುಬ್ಬಳ್ಳಿಯ, ಬೆಂಗಳೂರಿನ ಉಪಸಂಪಾದಕರು ರಾತ್ರಿ ಕುಳಿತು ಕನ್ನಡಿಸುತ್ತಿದ್ದರು. ಆ ಅಜ್ಞಾತ ಉಪಸಂಪಾದಕರಿಗೆ ಕನ್ನಡ ಗದ್ಯ ಋಣಿಯಾಗಿದೆ. ಆದರೂ ಆಯಿಯ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. 1999ರ ಕಾರ್ಗಿಲ್ ಯುದ್ಧದ ಕಾಲಕ್ಕೆ ಬಳ್ಳಾರಿಯ ರವಿ ಬೆಳಗೆರೆ ತಮ್ಮ ವಾರಪತ್ರಿಕೆಗಾಗಿ ಅಲ್ಲಿಗೆ ಹೋಗಿ, ‘ಕಾರ್ಗಿಲ್‌ನಲ್ಲಿ ಹದಿನೇಳು ದಿನಗಳು’ ಎಂಬ ಪುಸ್ತಕ ಬರೆದರು. ಅವರ ಬರವಣಿಗೆಯ ಅಬ್ಬರ ನನ್ನ ಅಭಿರುಚಿಗೆ ಒಗ್ಗುವಂಥದಲ್ಲ. ಆದರೆ ಕನ್ನಡದವನೊಬ್ಬ ಕನ್ನಡದವರಿಗಾಗಿ ಅಲ್ಲಿ ಹೋಗಿ ನಿಂತ ಎಂಬ ಮಾತು ಸಣ್ಣದಲ್ಲ. ಕಾರ್ಗಿಲ್ಲಿನ ಇನ್ನೊಂದು ಸಂಗತಿಯನ್ನೂ ಮರೆಯಬಾರದು. ತೊಲೊಲಿಂಗ್, ಟೈಗರ್ ಹಿಲ್ ಮೊದಲಾದ ಶಿಖರಗಳ ಮೇಲೆ ಕಾಳಗ ನಡೆದದ್ದು ಹೆಚ್ಚಾಗಿ ರಾತ್ರಿ, ಉಸಿರಿಗೆ ಗಾಳಿ ಸಾಲದ ಎತ್ತರದಲ್ಲಿ. ವರದಿಗಾರರು ಬಹುಮಟ್ಟಿಗೆ ಕೆಳಗೆ ದ್ರಾಸ್‌ನ ಹೆದ್ದಾರಿಯ ಮಗ್ಗುಲಲ್ಲಿ, ತೋಪುಗಳ ನಡುವೆ ಇದ್ದರು. ಅಲ್ಲಿಯೂ ಷೆಲ್ಲುಗಳು ಬೀಳುತ್ತಿದ್ದವು; ಅವರ ಧೈರ್ಯಕ್ಕೆ ಕುಂದಿಲ್ಲ. ಆದರೆ ಮೇಲಿನ ಕಾಳಗವನ್ನು ಅವರು ಬರೆದದ್ದು ಇಳಿದು ಬಂದವರ ಬಾಯಿಂದ ಕೇಳಿ. ಇಳಿದು ಬಾರದವರ ಕಥೆಯನ್ನು ಅವರೂ ಕೇಳಲಿಲ್ಲ. ನಮ್ಮ 527 ಜನ ಆ ಯುದ್ಧದಲ್ಲಿ ಮಡಿದರು.

ಈಗ ಈ ಭಾಷಣಕ್ಕೆ ನನ್ನನ್ನು ಎಳೆದ ಮನುಷ್ಯನ ಕಡೆಗೆ ಬರುತ್ತೇನೆ. ಆಂಥನಿ ಮಸ್ಕರೇನ್ಹಸ್ 1928ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ, ಗೋವೆಯ ಮೂಲದ ಕ್ರೈಸ್ತ ಮನೆತನದಲ್ಲಿ. ಓದಿದ್ದು, ಬೆಳೆದದ್ದು ಕರಾಚಿಯಲ್ಲಿ. ದೇಶ ವಿಭಜನೆಯಾದಾಗ ಪಾಕಿಸ್ತಾನದವನಾದ. ಕರಾಚಿಯ ‘ಮಾರ್ನಿಂಗ್ ನ್ಯೂಸ್’ ಪತ್ರಿಕೆಯಲ್ಲಿ ಸಹಾಯಕ ಸಂಪಾದಕನಾದ. ಬೆಳಗಾವಿಯಲ್ಲಿ ಅವನ ಹೆಸರು ಬಲ್ಲವರು ಇಂದು ಎಷ್ಟು ಜನ ಇದ್ದಾರೋ! ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಕೇಳಿರಲಿಲ್ಲ.

1971ರ ಮಾರ್ಚ್ 25ರ ರಾತ್ರಿ ಪೂರ್ವ ಬಂಗಾಳದಲ್ಲಿ ಪಾಕಿಸ್ತಾನದ ಸೇನೆ ತನ್ನ ಜನರ ಮೇಲೆಯೇ ಮುಗಿಬಿತ್ತು. ವಿದೇಶದ ವರದಿಗಾರರನ್ನು ಆಗಲೇ ಹೊರದಬ್ಬಿದ್ದರು. ಏಪ್ರಿಲಿನಲ್ಲಿ, ಎಲ್ಲವೂ ಶಾಂತವಾಗಿದೆಯೆಂದು ಬರೆಸುವುದಕ್ಕಾಗಿ ತಮ್ಮ ಎಂಟು ಜನ ಪತ್ರಕರ್ತರನ್ನು ಸೇನೆಯವರೇ ಹತ್ತು ದಿನದ ಪ್ರವಾಸಕ್ಕೆ ಕರೆದೊಯ್ದರು. ಎಂಟರಲ್ಲಿ ಒಬ್ಬ ಮಸ್ಕರೇನ್ಹಸ್. ಕೊಮಿಲ್ಲಾದ ಸುತ್ತಮುತ್ತ ಒಂಬತ್ತನೆಯ ಡಿವಿಜನ್ನಿನ ಅಧಿಕಾರಿಗಳೊಡನೆ ತಿರುಗಿದ, ಅವರ ಜೊತೆಗೆ ಉಂಡ. ಅವನನ್ನು ತಮ್ಮವನೇ ಎಂದು ನಂಬಿದ್ದ ಅವರು ಯಾವುದನ್ನೂ ಮುಚ್ಚಿಡಲಿಲ್ಲ. ಊಟದ ಮೇಜಿನಲ್ಲಿ ಕುಳಿತು, ಇಂದು ಯಾರು ಎಷ್ಟು ಜನರನ್ನು ಮುಗಿಸಿದರೆಂದು ಬೇಟೆಯ ಲೆಕ್ಕದಂತೆ ಹೇಳಿಕೊಂಡರು. ಸರ್ಕಿಟ್ ಹೌಸಿನ ಆವರಣದಲ್ಲಿ ಬಡಿದು ಕೊಲ್ಲಲ್ಪಡುತ್ತಿದ್ದವರ ಕೂಗನ್ನು ಅವನು ತನ್ನ ಕಿವಿಯಿಂದ ಕೇಳಿದ. ಸೈನಿಕರನ್ನು ಕಂಡು ಓಡಿದ್ದೇ ತಪ್ಪಾಗಿ ಹಿಡಿಯಲ್ಪಟ್ಟ 24 ವರ್ಷದ ಒಬ್ಬ ಬಡ ತರುಣನ ಚಿತ್ರದಿಂದ ಅವನ ಲೇಖನ ಪ್ರಾರಂಭವಾಗುತ್ತದೆ. ಓಡುವಾಗಲೇ ಹೊಡೆದು ಉರುಳಿಸುವುದು ವಾಡಿಕೆ. ನೀವು ಹೊಸಬರು, ಮೃದು ಹೃದಯದವರು, ನಿಮಗಾಗಿ ಇವನನ್ನು ವಿಚಾರಿಸುತ್ತಿದ್ದೇವೆ ಎಂಬ ಅರ್ಥದ ಮಾತನ್ನು ಮೇಜರನೊಬ್ಬ ನಗುನಗುತ್ತ ಅವನಿಗೆ ಹೇಳಿದ. ವರದಿಗಾರನ ಇರುವಿಕೆಯಿಂದ ಒಂದು ಸಾವು ಅಷ್ಟು ಹೊತ್ತು ತಡೆದು ನಿಂತಿತು!

ಪ್ರವಾಸ ಮುಗಿಯಿತು. ಏಳು ಜನ ಹೇಳಿಸಿಕೊಂಡದ್ದನ್ನು ಬರೆದರು. ಸೇನೆಯ ಕತ್ತರಿ ದಾಟದೆ ಒಂದಕ್ಷರವೂ ಅಚ್ಚಾಗುತ್ತಿರಲಿಲ್ಲವೆಂಬುದು ನಿಜ. ಆ ಏಳು ಜನಕ್ಕೂ ಹೆಂಡಿರುಮಕ್ಕಳಿದ್ದಾರು. ಅವರನ್ನು ಹಳಿಯಲು ನನಗೆ ನಾಲಿಗೆ ಏಳುವುದಿಲ್ಲ. ಎಂಟನೆಯವನಿಗೂ ಐದು ಜನ ಮಕ್ಕಳಿದ್ದರು. ಕಂಡದ್ದನ್ನು ಬರೆಯಲಾರದೆ ಹೋದರೆ ಇನ್ನು ಮೇಲೆ ಯಾವುದನ್ನೂ ಬರೆಯಲಾರೆನೆಂದು ಅವನು ಹೆಂಡತಿಗೆ ಹೇಳಿದನಂತೆ. ತಂಗಿಗೆ ಕಾಯಿಲೆಯೆಂಬ ನೆವ ಹೇಳಿ ಲಂಡನ್ನಿಗೆ ಹೋಗಿ ‘ಸಂಡೇ ಟೈಮ್ಸ್’ ಸಂಪಾದಕ ಹ್ಯಾರಲ್ಡ್ ಎವಾನ್ಸರನ್ನು ಕಂಡ. ಹೆಂಡತಿ ಮಕ್ಕಳು ಕರಾಚಿಯಲ್ಲಿರುವಾಗ ಅಚ್ಚು ಹಾಕುವಂತಿರಲಿಲ್ಲ. ಸಂದೇಹ ಬಾರದಂತೆ ಮರಳಿ ಹೋದ. ವ್ಯಾಪಾರದ ಸರಕು ಹೊರಟಿತೆಂಬ ಧಾಟಿಯ ಸಂಕೇತದ ತಂತಿಯ ಮೂಲಕ ಸುದ್ದಿ ಮುಟ್ಟಿಸಿ, ಮನೆಯವರನ್ನು ಮೊದಲು ವಿಮಾನ ಹತ್ತಿಸಿ, ತಾನು ನೆಲದ ಮೇಲಿಂದ ಅಫಘಾನಿಸ್ತಾನಕ್ಕೆ ದಾಟಿದ. ಜೂನ್ 13ರಂದು ಲೇಖನ ಪ್ರಕಟವಾಯಿತು. ಅದಕ್ಕೆ ಕೊಟ್ಟ ಶಿರೋನಾಮೆ ಒಂದೇ ಪದ, ‘ನರಮೇಧ’ ಎಂಬರ್ಥದ್ದು. ತನ್ನನ್ನು ಅದು ತೀವ್ರವಾಗಿ ಕಲಕಿತೆಂದು ಇಂದಿರಾ ಗಾಂಧಿಯವರು ಎವಾನ್ಸರಿಗೆ ಹೇಳಿದ್ದುಂಟು. ಬಂಗಾಳಿಗಳು ಮಾರ್ಚ್ ತಿಂಗಳಲ್ಲಿ ಬಂಗಾಳಿಗಳಲ್ಲದವರನ್ನು ಕೊಂದದ್ದನ್ನೂ ಅವನು ಮರೆಮಾಚಲಿಲ್ಲ. ಸೇನೆ ನಡೆಸಿದ್ದು ಅದಕ್ಕಿಂತ ಎಷ್ಟೋ ಪಾಲು ಮಿಗಿಲಾದ, ವ್ಯವಸ್ಥಿತವಾದ ಕೊಲೆ ಎಂದು ತೂಗಿ ಹೇಳಿದ. ಅವನು ತೀರಿಕೊಂಡದ್ದು 1986ರಲ್ಲಿ.

‘ಬರದಾಂವ ಅಲ್ಲೇ ಇದ್ದನೇನು?’ ಎಂಬ ಪ್ರಶ್ನೆಗೆ ‘ಇದ್ದ’ ಎಂಬ ಉತ್ತರವಷ್ಟೇ ಸಾಲದೆಂದು ನನಗೆ ತಿಳಿದದ್ದು ಈ ಪ್ರಸಂಗದಿಂದ. ಎಂಟೂ ಜನ ಅಲ್ಲಿದ್ದರು. ಒಂದೇ ವಾಹನ, ಒಂದೇ ಊಟ, ಒಂದೇ ನೋಟ. ಸೇನೆಯ ಮಡಿಲಲ್ಲಿ ಕುಳಿತದ್ದರಿಂದಲೇ ಏಳು ಜನ ಕುರುಡರಂತೆ ಬರೆದರು. ಅದೇ ಮಡಿಲಲ್ಲಿ ಕುಳಿತದ್ದರಿಂದಲೇ ಎಂಟನೆಯವನಿಗೆ ಹೊರಗಿನ ಯಾರಿಗೂ ಕಾಣದ್ದು ಕಂಡಿತು.

ಇನ್ನು ಆ ಛತ್ರಿಗಳ ಚಿತ್ರದ ಮಾತು. 1971ರ ಡಿಸೆಂಬರ್ 11ರ ಇಳಿಹೊತ್ತಿನಲ್ಲಿ ಟಾಂಗೈಲದ ಬಳಿ ಲೋಹಜಂಗ್ ನದಿಯ ಪೂಂಗ್ಲಿ ಸೇತುವೆಯನ್ನು ಹಿಡಿಯಲು ಇಳಿದದ್ದು ಎರಡನೆಯ ಪ್ಯಾರಾ ಬೆಟಾಲಿಯನ್, ಹಿಂದೆ ಮರಾಠಾ ದಳದ ಮೂರನೆಯ ಬೆಟಾಲಿಯನ್ನಾಗಿದ್ದದ್ದು. ನೆಲದ ಮೇಲಿಂದ ಜಮಾಲಪುರವನ್ನು ಗೆದ್ದು ಬಂದು ಅವರನ್ನು ಕೂಡಿಕೊಂಡದ್ದು ಒಂದನೆಯ ಮರಾಠಾ, ‘ಜಂಗಿ ಪಲಟಣ’. ಇಳಿದವರು ಸುಮಾರು 700 ಜನ. ಜಗತ್ತಿನ ಪತ್ರಿಕೆಗಳೂ ಬಾನುಲಿಗಳೂ ಹೇಳಿದ್ದು 5,000 ಎಂದು. ಆ ಸಂಖ್ಯೆಗೆ ಬಲ ಕೊಟ್ಟದ್ದು ಆ ಚಿತ್ರ. ಅಂದು ಸೇನೆಯ ಪ್ರಚಾರದ ಹೊಣೆ ಹೊತ್ತಿದ್ದ ಐ. ರಾಮಮೋಹನ ರಾವ್ ಅವರು ಎಷ್ಟೋ ಕಾಲದ ಮೇಲೆ ಸ್ವತಃ ಹೇಳಿದಂತೆ, ಅದು ಟಾಂಗೈಲದ ಚಿತ್ರವೇ ಅಲ್ಲ. ಆಗ್ರಾದಲ್ಲಿ ಹಿಂದೆ ಇಡೀ ಬ್ರಿಗೇಡ್ ಅಭ್ಯಾಸಕ್ಕಾಗಿ ಜಿಗಿದಾಗ ತೆಗೆದದ್ದು. ಹಳೆಯದೆಂಬ ಮಾತನ್ನು ಅದರ ಕೆಳಗೆ ಬರೆಯದೆ ಪತ್ರಿಕೆಗಳಿಗೆ ಕೊಟ್ಟಿದ್ದರು. ಐದು ದಿನಗಳಲ್ಲಿ ಢಾಕಾದಲ್ಲಿ ಶರಣಾಗತಿಯಾಯಿತು. ಐದು ಸಾವಿರ ಜನ ಬೆನ್ನಿಗೆ ಇಳಿದರೆಂಬ ಅಂಜಿಕೆ ಅದಕ್ಕೆ ಸ್ವಲ್ಪಮಟ್ಟಿಗಾದರೂ ಕಾರಣವಾಗಿದ್ದರೆ, ಆ ಸುಳ್ಳು ಎರಡೂ ಕಡೆಯ ಎಷ್ಟೋ ತಾಯಂದಿರ ಮಕ್ಕಳನ್ನು ಉಳಿಸಿತೆನ್ನಬೇಕು. ಮಸ್ಕರೇನ್ಹಸ್‌ನ ಸತ್ಯವನ್ನು ಕೊಂಡಾಡಿದ ಬಾಯಿಂದಲೇ ಇದನ್ನೂ ಹೇಳಬೇಕಾಗಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನಾನು ಎಷ್ಟೋ ಸಲ ಯತ್ನಿಸಿದ್ದೇನೆ. ಮುಳ್ಳು ನಿಲ್ಲುವುದಿಲ್ಲ.

ಆಯಿಯ ಮಗ ಸುರಕ್ಷಿತವಾಗಿ ಮರಳಿ ಬಂದ. ಪೆನ್ಶನ್ನಿನ ಮೇಲೆ ಊರಿಗೆ ಬಂದು ಕಬ್ಬು ಬೆಳೆದುಕೊಂಡು ಇದ್ದಾನೆ. ಈಗ ಎಂಬತ್ತರ ಸಮೀಪ. ಹೋದ ದೀಪಾವಳಿಗೆ ಊರಿಗೆ ಹೋದಾಗ ಆ ಚಿತ್ರದ ಪ್ರತಿಯೊಂದನ್ನು ಒಯ್ದು ತೋರಿಸಿದೆ. ಅವನ ತಾಯಿಗೆ ನಾನು ಹೇಳಿದ್ದ ಸುಳ್ಳನ್ನು ಒಪ್ಪಿಕೊಳ್ಳಬೇಕೆಂದು ನನ್ನ ಮನಸ್ಸಿನಲ್ಲಿತ್ತು. ಟಾಂಗೈಲದಲ್ಲಿ ಇಳಿದಾಗ ಪತ್ರಿಕೆಯವರು ಯಾರಾದರೂ ಜೊತೆಗಿದ್ದರೇ ಎಂದು ಕೇಳಿದೆ.

“ನಾ ಅಂತೂ ಕಂಡಿಲ್ಲರಿ ಮಾಸ್ತರ. ಆ ಊರ ಮಂದಿ ಇದ್ರು. ನಮ್ಮ ಗಂಟು ಕೆರ್‍ಯಾಗ ಬಿದ್ದಿದ್ದು, ಅವರ ತಗದು ಹೊತ್ತು ತಂದ್ರು.”

ಕನ್ನಡಕ ಹಾಕಿಕೊಂಡು ಚಿತ್ರವನ್ನು ಬೆಳಕಿಗೆ ಹಿಡಿದ. ತುಸು ಹೊತ್ತು ನೋಡಿ ನಕ್ಕ.

“ಇದು ಆಗ್ರಾ ಅಲ್ಲೇನ್ರಿ? ಅಲ್ಲಿ ನಾವು ಎಷ್ಟ ಸಲ ಜಿಗದೇವಿ. ಇದರಾಗ ನಾನೂ ಇದ್ದೇನು.”

ಎಂದು ಒಂದು ಛತ್ರಿಯ ಮೇಲೆ ಬೆರಳಿಟ್ಟ. ಅದು ನಾನು ಆಯಿಗೆ ತೋರಿಸಿದ್ದಲ್ಲ.